ಚಾರ್ಮಾಡಿ ಹತ್ತುವಾಗ ಹಳದಿ ಲೈಟು ಮಿನುಗುತ್ತೆ, ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಬೇಕಾ?

ಕೊಟ್ಟಿಗೆಹಾರದವಳು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೊಟ್ಟಿಗೆಹಾರದ ಹತ್ತಿರ, ಅಮ್ಮನ ಮನೆ ಬೆಳ್ತಂಗಡಿ ಕಡೆ. ಚಾರ್ಮಾಡಿ ಇಳಿಯೋದು ಹತ್ತೋದು ನನಗೆ ಮಾಮೂಲಿ. ಈ ಸಲ ಹಳೇ ಕಾರು ಕೊಟ್ಟು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಹ್ಯಾಚ್‌ಬ್ಯಾಕ್ ತಗೊಂಡ್ವಿ. ಫ್ರಂಟ್ ವೀಲ್ ಡ್ರೈವ್, ಮ್ಯಾನ್ಯುಯಲ್ ಗೇರು. ಹಳೇದರಲ್ಲಿ ಇಲ್ಲದ ಟ್ರ್ಯಾಕ್ಷನ್ ಕಂಟ್ರೋಲ್ (ಎಳೆಯುವ ಚಕ್ರ ಜಾರಿ ಸುಮ್ಮನೆ ತಿರುಗದ ಹಾಗೆ ತಡೆಯೋದು), ಇಎಸ್‌ಸಿ (ತಿರುವಿನಲ್ಲಿ ಗಾಡಿ ಜಾರಿ ದಾರಿ ತಪ್ಪದ ಹಾಗೆ ನೋಡಿಕೊಳ್ಳೋದು) ಎಲ್ಲ ಇದರಲ್ಲಿದೆ.

ಹೋದ ವಾರ ಸಂಜೆ ಮಳೆಯಲ್ಲಿ ವಾಪಸ್ ಹತ್ತುವಾಗ ಒಂದು ಹೇರ್‌ಪಿನ್‌ನಲ್ಲಿ ಧರೆಯ ಕೆಂಪು ಮಣ್ಣು ಕೊಚ್ಚಿಕೊಂಡು ರಸ್ತೆಗೆ ಬಂದಿತ್ತು. ಸೆಕೆಂಡ್ ಗೇರಲ್ಲಿ ತಿರುಗಿಸ್ತಾ ಆಕ್ಸಿಲರೇಟರ್ ಒತ್ತಿದೆ. ಜಾರುವ ಕಾರಿನ ಚಿತ್ರದ ಹಳದಿ ಲೈಟು ಪಟಪಟ ಮಿನುಗ್ತು, ಬಾನೆಟ್ ಒಳಗಿಂದ ಗರಗರ ಸದ್ದು ಬಂತು, ಎಷ್ಟು ಒತ್ತಿದರೂ ಇಂಜಿನ್ ಏರಲಿಲ್ಲ. ಹಿಂದೆ ಬಸ್ಸು ಅಂಟಿಕೊಂಡೇ ಬರ್ತಿತ್ತು, ತುಂಬಾ ಹೆದರಿಕೆ ಆಯ್ತು. ಎರಡು ಮೂರು ಸೆಕೆಂಡ್ ಆದಮೇಲೆ ತಾನಾಗೇ ಎಳೀತು.

ಮಾವ ಎಸ್ಟೇಟಲ್ಲಿ ವರ್ಷಗಟ್ಟಲೆ ಜೀಪ್ ಓಡಿಸಿದವರು. "ಆ ಬಟನ್ ಒತ್ತಿ ಆಫ್ ಮಾಡ್ಕೊಂಡೇ ಘಾಟಿ ಹತ್ತಮ್ಮ, ಪವರ್ ತಿನ್ನುತ್ತೆ ಅದು" ಅಂತಾರೆ. ಅವರ ಮಾತು ತೆಗೆದುಹಾಕೋಕೂ ಮನಸ್ಸಿಲ್ಲ. ಇದು ಕೆಟ್ಟಿದೆಯಾ, ಇಲ್ಲ ಹೀಗೇ ಇರುತ್ತಾ? ತಿಳಿದವರು ಹೇಳಿ.

ತೋಟದ ದಾರಿ:

ನಿಮ್ಮ ಮಾವ ಅನುಭವದಿಂದ್ಲೇ ಹೇಳಿರೋದು. ನಮ್ಮ ತೋಟದೊಳಗಿನ ಮಣ್ಣುರಸ್ತೆಲಿ ಗಾಡಿ ಹೂತಾಗ ಟ್ರ್ಯಾಕ್ಷನ್ ಆನ್ ಇದ್ರೆ ಇಂಜಿನ್ ಉಸಿರು ಕಟ್ಟಿದ ಹಾಗಾಗುತ್ತೆ, ಚಕ್ರ ತಿರುಗೋಕೇ ಬಿಡಲ್ಲ. ಆಫ್ ಮಾಡಿ ಸ್ವಲ್ಪ ರೇಸ್ ಮಾಡಿದ್ರೆ ಕೆಸರು ಸಿಡಿದು ಟೈರ್ ಗಟ್ಟಿ ನೆಲಕ್ಕೆ ಸಿಗುತ್ತೆ, ಹೊರಗೆ ಬರುತ್ತೆ. ಟಾರ್ ರಸ್ತೆ ವಿಷಯ ನಾನು ಹೇಳಲ್ಲ, ಅದು ಬೇರೆ.

ಉಜಿರೆ ಗ್ಯಾರೇಜ್:

ಮೇಡಂ, ಘಾಟಿಯಲ್ಲಿ ಆಫ್ ಮಾಡ್ಬೇಡಿ. ನಿಮ್ಮ ಗಾಡಿ ಕೆಟ್ಟಿಲ್ಲ, ಮಾಡಬೇಕಾದ ಕೆಲಸವನ್ನೇ ಮಾಡಿದೆ. ನಾನು ಉಜಿರೆಯಲ್ಲಿ ಗ್ಯಾರೇಜ್ ಇಟ್ಟವ. ಮಳೆಗಾಲದಲ್ಲಿ ಚಾರ್ಮಾಡಿಯ ಚರಂಡಿಗೆ ಇಳಿದ, ತಡೆಗೋಡೆಗೆ ಒರೆಸಿದ ಗಾಡಿಗಳು ನಮ್ಮಲ್ಲಿಗೆ ಬರ್ತವೆ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿಯೇ ಬರೀತೇನೆ.

ಏರಿನಲ್ಲಿ ಗಾಡಿಯ ಭಾರ ಹಿಂದಕ್ಕೆ ಹೋಗ್ತದೆ, ಮುಂದಿನ ಚಕ್ರ ಹಗುರ ಆಗ್ತದೆ. ತಿರುವಿನಲ್ಲಿ ಭಾರ ಹೊರಬದಿಗೆ ವಾಲ್ತದೆ. ಎರಡೂ ಒಟ್ಟಿಗೆ ಆದಾಗ ಒಳಬದಿಯ ಮುಂದಿನ ಚಕ್ರ ನೆಲವನ್ನು ಸುಮ್ಮನೆ ಮುಟ್ಟಿಕೊಂಡಿರ್ತದೆ ಅಷ್ಟೆ. ನಿಮ್ಮದು ಫ್ರಂಟ್ ವೀಲ್ ಡ್ರೈವ್, ಎಳೆಯುವ ಚಕ್ರವೇ ಅದು, ಅಡಿಗೆ ಕೆಸರು ಬೇರೆ. ಅದು ಜಾರಿ ಗಿರಗಿರ ತಿರುಗ್ಲಿಕ್ಕೆ ಶುರು ಮಾಡಿತು. ಇಂಜಿನಿನ ಬಲವನ್ನು ಎಡ ಬಲ ಚಕ್ರಕ್ಕೆ ಹಂಚುವ ಗೇರಿಗೆ ಡಿಫರೆನ್ಷಿಯಲ್ ಅಂತಾರೆ, ಸಾಧಾರಣ ಡಿಫರೆನ್ಷಿಯಲ್ ಎರಡೂ ಬದಿಗೆ ಒಂದೇ ಸಮ ಬಲ ಕೊಡುವುದು. ಒಂದು ಚಕ್ರ ಹಿಡಿತ ಬಿಟ್ಟರೆ ಗಟ್ಟಿ ನೆಲದಲ್ಲಿರುವ ಇನ್ನೊಂದಕ್ಕೂ ಅಷ್ಟೇ ಸಣ್ಣ ಬಲ ಸಿಗ್ತದೆ, ಗಾಡಿ ಮುಂದೆ ಹೋಗುದಿಲ್ಲ.

ನಾಲ್ಕೂ ಚಕ್ರಕ್ಕೆ ಒಂದೊಂದು ಸ್ಪೀಡ್ ಸೆನ್ಸರ್ ಉಂಟು, ಎಬಿಎಸ್‌ಗೆ, ಅಂದ್ರೆ ಜೋರು ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದ ಹಾಗೆ ನೋಡುವ ವ್ಯವಸ್ಥೆಗೆ ಅಂತ ಹಾಕಿದ್ದು. ಒಂದು ಚಕ್ರ ಮಾತ್ರ ಜೋರು ತಿರುಗುವುದು ಕಂಡ ಕೂಡ್ಲೆ ಟ್ರ್ಯಾಕ್ಷನ್ ಕಂಟ್ರೋಲ್ ಆ ಒಂದೇ ಚಕ್ರಕ್ಕೆ ಬ್ರೇಕ್ ಹಿಡೀತದೆ. ಆಗ ಡಿಫರೆನ್ಷಿಯಲ್‌ಗೆ ಎದುರು ಒತ್ತಲಿಕ್ಕೆ ಏನಾದ್ರೂ ಸಿಕ್ಕಿದ ಹಾಗಾಯ್ತು, ಆಚೆ ಚಕ್ರಕ್ಕೂ ಬಲ ಹೋಗ್ತದೆ. ಅದರ ಜೊತೆಗೆ ಇಂಜಿನಿನ ಬಲವನ್ನೂ ಇಳಿಸ್ತದೆ. ಈಗಿನ ಆಕ್ಸಿಲರೇಟರಿಗೆ ಕೇಬಲ್ ಇಲ್ಲ. ನೀವು ಒತ್ತಿದ್ದು ಕಂಪ್ಯೂಟರಿಗೆ ಒಂದು ಬೇಡಿಕೆ ಮಾತ್ರ, ಇಂಜಿನಿಗೆ ಗಾಳಿ ಬಿಡುವ ಬಾಗಿಲು, ಅಂದ್ರೆ ಥ್ರಾಟಲ್, ತೆರೆಯುವುದು ಅದು. "ಎಷ್ಟು ಒತ್ತಿದರೂ ಏರಲಿಲ್ಲ" ಅಂದಿರಲ್ಲ, ಅದು ಹೀಗೆ. ಗರಗರ ಸದ್ದು ಎಬಿಎಸ್ ಬ್ಲಾಕಿನ ಪಂಪಿನದ್ದು. ನೀವು ಬ್ರೇಕ್ ತುಳಿಯದೆಯೇ ಒಂದು ಚಕ್ರಕ್ಕೆ ಬ್ರೇಕ್ ಹಿಡಿಯಬೇಕಾದ್ರೆ ಪಂಪೇ ಒತ್ತಡ ಮಾಡ್ಬೇಕಲ್ಲ. ಬರೀ ಎಬಿಎಸ್ ಇರುವ ಗಾಡಿಯಲ್ಲಿ ಇದು ಆಗುದಿಲ್ಲ, ಯಾಕಂದ್ರೆ ಅದು ನೀವು ತುಳಿದ ಒತ್ತಡವನ್ನು ಬಿಟ್ಟು ಹಿಡಿದು ಮಾಡುವುದು ಮಾತ್ರ.

ಇನ್ನು ಇಎಸ್‌ಸಿ. ಹತ್ತುವಾಗಿನ ಟ್ರ್ಯಾಕ್ಷನ್‌ಗಿಂತ ಇಳಿಯುವಾಗಿನ ಇಎಸ್‌ಸಿ ಬಗ್ಗೆ ನನಗೆ ಹೆಚ್ಚು ಕಾಳಜಿ. ಸ್ಟೀರಿಂಗ್ ಎಷ್ಟು ತಿರುಗಿಸಿದ್ದೀರಿ ಅಂತ ಹೇಳ್ಲಿಕ್ಕೆ ಒಂದು ಸೆನ್ಸರ್. ಗಾಡಿ ನಿಜವಾಗಿ ಎಷ್ಟು ಬೇಗ ತಿರುಗ್ತಾ ಉಂಟು, ಬದಿಗೆ ಎಷ್ಟು ಎಳೀತಾ ಉಂಟು ಅಂತ ಅಳೆಯಲಿಕ್ಕೆ ಇನ್ನೊಂದು, ಹೆಚ್ಚಾಗಿ ಗಾಡಿಯ ನಡುವಿನಲ್ಲಿ ಇರ್ತದೆ. ನೀವು ಕೇಳಿದ ತಿರುವು, ಗಾಡಿ ತಗೊಂಡ ತಿರುವು, ಎರಡನ್ನೂ ಸೆಕೆಂಡಿಗೆ ಹತ್ತಾರು ಸಲ ಹೋಲಿಸ್ತದೆ. ವ್ಯತ್ಯಾಸ ಬಂದರೆ ಒಂದೇ ಚಕ್ರಕ್ಕೆ ಬ್ರೇಕ್.

ನಿಮ್ಮ ಮಾವ ಟ್ರ್ಯಾಕ್ಟರ್ ಓಡಿಸಿದ್ದರೆ ಅವರಿಗೆ ಇದು ಗೊತ್ತೇ ಇರ್ತದೆ. ಗದ್ದೆಯ ಕೊನೆಯಲ್ಲಿ ಎಡ ಬ್ರೇಕ್ ಒಂದನ್ನೇ ತುಳಿದರೆ ಟ್ರ್ಯಾಕ್ಟರ್ ಎಡಕ್ಕೆ ಗಿರಕ್ಕನೆ ತಿರುಗ್ತದೆ. ಇಎಸ್‌ಸಿ ಮಾಡುವುದೂ ಅದನ್ನೇ. ಎಡ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೂ ಮೂತಿ ನೇರ ಹೋದರೆ ಒಳಗಿನ, ಅಂದ್ರೆ ಎಡಗಡೆಯ, ಹಿಂದಿನ ಚಕ್ರಕ್ಕೆ ಬ್ರೇಕ್ ಕೊಟ್ಟು ಮೂತಿಯನ್ನು ಒಳಗೆ ಎಳೀತದೆ. ಹಿಂಬದಿ ಜಾರಿ ಹೊರಗೆ ಬಂದರೆ ಬಲಗಡೆಯ ಮುಂದಿನ ಚಕ್ರಕ್ಕೆ ಹಿಡಿದು ಸುತ್ತುವುದನ್ನು ನಿಲ್ಲಿಸ್ತದೆ. ಇಳಿಜಾರಿನ ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿನಿಂದ ಕಾಲು ಗಕ್ಕನೆ ತೆಗೆದರೆ ಭಾರವೆಲ್ಲ ಮುಂದೆ ಬಂದು ಹಿಂದಿನ ಟೈರ್ ಹಗುರ ಆಗ್ತದೆ, ಹಿಂಬದಿ ಬದಿಗೆ ಹಾರುವುದು ಆಗಲೇ. ಮನುಷ್ಯನ ಕಾಲಿಗೆ ಇರುವುದು ಒಂದೇ ಬ್ರೇಕ್ ಪೆಡಲ್. ಎಷ್ಟು ಒಳ್ಳೆ ಡ್ರೈವರ್ ಆದರೂ ಒಂದು ಚಕ್ರಕ್ಕೆ ಮಾತ್ರ ಬ್ರೇಕ್ ಹಿಡೀಲಿಕ್ಕೆ ಸಾಧ್ಯ ಇಲ್ಲ.

ಇದು ನಿನ್ನೆ ಮೊನ್ನೆಯ ಪ್ರಯೋಗ ಅಲ್ಲ. 1995ರಲ್ಲಿ ಬಾಷ್ ಕಂಪನಿಯ ಇಎಸ್‌ಪಿ (ಇಎಸ್‌ಸಿಗೇ ಅವರು ಇಟ್ಟ ಹೆಸರು) ಮರ್ಸಿಡಿಸ್ ಎಸ್ ಕ್ಲಾಸಿನಲ್ಲಿ ಬಂತು. 1997ರಲ್ಲಿ ಸ್ವೀಡನ್ನಿನ ಒಂದು ಪತ್ರಿಕೆಯವರು, ರಸ್ತೆಗೆ ಕಾಡುಪ್ರಾಣಿ ಅಡ್ಡ ಬಂದರೆ ತಪ್ಪಿಸುವ ಹಾಗೆ ಎಡಬಲ ತಿರುಗಿಸುವ ಪರೀಕ್ಷೆ ಮಾಡುವಾಗ ಹೊಸ ಎ ಕ್ಲಾಸ್ ಮಗುಚಿ ಬಿತ್ತು. ಆಮೇಲೆ ಅಷ್ಟು ಸಣ್ಣ ಕಾರಿಗೂ ಅದನ್ನು ಎಲ್ಲ ಮಾಡೆಲಿನಲ್ಲಿ ಹಾಕಿಯೇ ಕೊಟ್ಟರು. ನಮ್ಮಲ್ಲಿ ಎಬಿಎಸ್ 2019ರಿಂದ ಎಲ್ಲ ಹೊಸ ಕಾರಿಗೆ ಕಡ್ಡಾಯ. ಇಎಸ್‌ಸಿ ಮಾತ್ರ ತುಂಬಾ ವರ್ಷ ಮೇಲಿನ ವೇರಿಯಂಟಿಗೇ ಮೀಸಲಾಗಿತ್ತು. ಅಲಾಯ್ ವೀಲ್, ಸನ್‌ರೂಫ್ ಉಂಟಾ ಅಂತ ವಿಚಾರಿಸುವವರು ಇದನ್ನು ವಿಚಾರಿಸುದಿಲ್ಲ ಅಂತ ನನಗೆ ನಿಜಕ್ಕೂ ಬೇಸರ. ನಿಮ್ಮ ಗಾಡಿಯಲ್ಲಿ ಉಂಟು, ಸಂತೋಷ.

ಆದರೆ ಒಂದು ಲೆಕ್ಕ ನೋಡಿ. 15 ಮೀಟರ್ ತ್ರಿಜ್ಯದ ಹೇರ್‌ಪಿನ್ನಿನಲ್ಲಿ 25 ಕಿ.ಮೀ. ವೇಗಕ್ಕೆ ಟೈರ್ ಬದಿಗೆ ಹಿಡಿಯಬೇಕಾದ ಬಲ ಗಾಡಿಯ ಭಾರದ ಮೂರನೇ ಒಂದು ಪಾಲು. 40 ಕಿ.ಮೀ. ಮಾಡಿದರೆ ಶೇ. 80 ದಾಟ್ತದೆ. ಒಣ ಟಾರಿನಲ್ಲೇ ಅದು ಅಂಚು, ಒದ್ದೆ ರಸ್ತೆಯಲ್ಲಿ ಅಷ್ಟು ಹಿಡಿತ ಇಲ್ಲ. ಇಎಸ್‌ಸಿ ಇರುವ ಹಿಡಿತವನ್ನು ನಾಲ್ಕು ಚಕ್ರಕ್ಕೆ ಸರಿಯಾಗಿ ಹಂಚ್ತದೆ, ಹೊಸ ಹಿಡಿತ ಹುಟ್ಟಿಸುದಿಲ್ಲ. ಹಿಡಿತ ಇರುವುದು ಟೈರಿನಲ್ಲಿ.

ಅದಕ್ಕೇ ಮೊದಲು ಟೈರ್ ನೋಡಿ. ಟೈರಿನ ಗೀರಿನ ಆಳಕ್ಕೆ ಕಾನೂನಿನ ಮಿತಿ 1.6 ಮಿ.ಮೀ., ಆದರೆ ಘಾಟಿಯ ಮಳೆಗೆ ನಾನು 3 ಮಿ.ಮೀ.ಗೇ ಬದಲಿಸಿ ಅನ್ನುತ್ತೇನೆ. ಎರಡೇ ಟೈರ್ ಹೊಸದು ಹಾಕುದಾದ್ರೆ ಹಿಂದೆ ಹಾಕಿ. ಎಳೆಯುವುದು ಮುಂದಿನದ್ದಲ್ವಾ ಅಂತ ಎಲ್ಲರೂ ಕೇಳ್ತಾರೆ. ಮುಂದೆ ಜಾರಿದರೆ ವೇಗ ಇಳಿಸಿದಾಗ ತಿರುಗಿ ಹಿಡಿತ ಸಿಗುವ ಸಾಧ್ಯತೆ ಉಂಟು, ಹಿಂದೆ ಜಾರಿದರೆ ಗಾಡಿ ಸುತ್ತಿ ಹೋಗ್ತದೆ.

ಮುಂದಿನ ಸಲ ಲೈಟು ಮಿನುಗಿದರೆ ಇನ್ನೂ ಒತ್ತಲಿಕ್ಕೆ ಹೋಗ್ಬೇಡಿ, ಪೆಡಲ್ ಸ್ವಲ್ಪ ಸಡಿಲಿಸಿ. ಆ ಹೇರ್‌ಪಿನ್ನಿಗೆ ಫಸ್ಟ್ ಗೇರ್ ಹಾಕಿ, ನಿಧಾನ ಒಂದೇ ಸಮ ಎಳೆಯಲಿ. ತೋಟದ ದಾರಿಯವರು ಹೇಳಿದ್ದು ಸರಿ, ಕೆಸರಲ್ಲಿ ಹೂತಾಗ ಮಾತ್ರ ಆಫ್ ಮಾಡಿ, ಹೊರಗೆ ಬಂದ ಕೂಡ್ಲೆ ಆನ್ ಮಾಡಿ. ಕೆಲವು ಗಾಡಿಗಳಲ್ಲಿ ಬಟನ್ ಒಮ್ಮೆ ಒತ್ತಿದರೆ ಟ್ರ್ಯಾಕ್ಷನ್ ಮಾತ್ರ ಹೋಗ್ತದೆ, ಹಿಡಿದುಕೊಂಡರೆ ಇಎಸ್‌ಸಿಯೂ ಹೋಗ್ತದೆ. ನಿಮ್ಮದರಲ್ಲಿ ಹೇಗೆ ಅಂತ ಗಾಡಿಯ ಪುಸ್ತಕದಲ್ಲಿ ನೋಡಿ.

ಕೊಟ್ಟಿಗೆಹಾರದವಳು:

ಇಷ್ಟು ಬಿಡಿಸಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. ಮಾವನಿಗೆ ಓದಿ ಹೇಳಿದೆ. ಟ್ರ್ಯಾಕ್ಟರ್ ಬ್ರೇಕಿನ ಮಾತು ಬಂದಾಗ ಅವರೇ ಎದ್ದು ಹೋಗಿ ಟೈರ್ ನೋಡಿ ಬಂದ್ರು, ಮುಂದಿನ ಎರಡೂ ಸವೆದಿವೆ ಅಂದ್ರು. ಇನ್ನೊಂದು ಕೇಳ್ಬೇಕಿತ್ತು. ನಿನ್ನೆ ಒಂದು ಕಡೆ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಆಗಿನಿಂದ ಅದೇ ಲೈಟು ಮಿನುಗದೆ ಹತ್ತಿಕೊಂಡೇ ಇದೆ. ನೇರ ಹೋಗುವಾಗ ಸ್ಟೀರಿಂಗ್ ಸ್ವಲ್ಪ ಬಲಕ್ಕೆ ವಾಲಿದ ಹಾಗಿದೆ.

ಉಜಿರೆ ಗ್ಯಾರೇಜ್:

ಮಿನುಗಿದರೆ ಕೆಲಸ ಮಾಡ್ತಾ ಉಂಟು ಅಂತ, ಹತ್ತಿಯೇ ಇದ್ದರೆ ಆಫ್ ಆಗಿದೆ ಅಥವಾ ದೋಷ ಉಂಟು ಅಂತ. ಮೊದಲು ಆಫ್ ಬಟನ್ ಯಾರಾದ್ರೂ ಒತ್ತಿದ್ದಾರಾ ನೋಡಿ. ಅಲ್ಲ ಅಂತಾದ್ರೆ ನಿಮ್ಮ ಸ್ಟೀರಿಂಗ್ ಸೆನ್ಸರಿನ ಸೊನ್ನೆ ತಪ್ಪಿರಬೇಕು. ಗಾಡಿ ನೇರ ಹೋಗ್ತಾ ಉಂಟು, ಸೆನ್ಸರ್ ಮಾತ್ರ ತಿರುಗಿಸಿದ್ದಾರೆ ಅನ್ನುತ್ತದೆ, ಲೆಕ್ಕ ತಾಳೆ ಆಗದೆ ಇಎಸ್‌ಸಿ ತಾನೇ ಆಫ್ ಆಗ್ತದೆ. ಅಲೈನ್‌ಮೆಂಟ್ ಮಾಡಿದಲ್ಲಿಗೇ ಹೋಗಿ ಸ್ಟೀರಿಂಗ್ ನಡುವಿಗೆ ತರಿಸಿ, ಆಮೇಲೆ ಸ್ಕ್ಯಾನರ್ ಹಾಕಿ ಸೆನ್ಸರ್ ಕ್ಯಾಲಿಬ್ರೇಟ್ ಮಾಡ್ಲಿಕ್ಕೆ ಹೇಳಿ. ಜೊತೆಗೆ ಎಬಿಎಸ್ ಲೈಟೂ ಹತ್ತಿದ್ದರೆ ಅದು ಬೇರೆ, ಚಕ್ರದ ಸ್ಪೀಡ್ ಸೆನ್ಸರ್ ಅಥವಾ ಅದರ ವೈರ್ ನೋಡ್ಬೇಕು. ಸ್ಕ್ಯಾನ್ ಮಾಡದೆ ಯಾವ ಸೆನ್ಸರನ್ನೂ ಬದಲಿಸಲಿಕ್ಕೆ ಒಪ್ಪಬೇಡಿ. ಅಲ್ಲಿವರೆಗೆ ಮಾಮೂಲಿ ಬ್ರೇಕ್ ಇರ್ತದೆ, ಇಎಸ್‌ಸಿ ಇಲ್ಲ. ಸರಿ ಆಗುವವರೆಗೆ ಮಳೆಯಲ್ಲಿ ಘಾಟಿ ಇಳಿಯಬೇಡಿ.