ಸಮಸ್ಯಾಪೂರಣ: ಬುತ್ತಿಯಲಿ ಪಿಸ್ತೂಲು

ಈ ಸಲದ ಸಮಸ್ಯೆ:

ಸ್ನೇಹಿತನ ಮನೆಗೊಯ್ದ ಬುತ್ತಿಯಲಿ ಪಿಸ್ತೂಲು

ಇದು ಚೌಪದಿಯ (ನಾಲ್ಕು ಸಾಲಿನ ಪದ್ಯದ) ಕೊನೆಯ ಸಾಲು; ಮೊದಲ ಮೂರು ಸಾಲು ಬರೆದು ಪೂರೈಸಬೇಕು. ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ (ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೂ ಒತ್ತಕ್ಷರದ ಹಿಂದಿನದಕ್ಕೂ ಎರಡು; ಗಣವೆಂದರೆ ಮಾತ್ರೆಗಳ ಗುಂಪು). ಆದಿಪ್ರಾಸ ‘ಹ’, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ; ತಪ್ಪಬಾರದು. ಸುಮ್ನೆ ಕಟ್ಟಿದ ಸಾಲಲ್ಲ, ನಡೆದ ಸಂಗತಿ. ಸುಳಿವು ಇಷ್ಟೇ: 1942ರ ಮೇ ತಿಂಗಳು, ಯುದ್ಧಕಾಲ, ಒಬ್ಬ ವಿದೇಶಾಂಗ ಮಂತ್ರಿ.

ಮೊದಲ ಪೂರಣ

ಸೋವಿಯತ್ ಒಕ್ಕೂಟದ ಮೊಲಟೋವ್ ಅಲ್ವಾ ಸಾರ್? ನನ್ನ ಪ್ರಯತ್ನ:

ಲೋಹದಾ ಹಕ್ಕಿಯಲಿ ವೈರಿಗಳ ತಲೆಮೇಲೆ
ಸಾಹಸದಿ ಹಾರಿದನು ಮಾಸ್ಕೋದ ಮೊಲಟೋವ
ದೇಹಕ್ಕೆ ಕರಿರೊಟ್ಟಿ, ಧೈರ್ಯಕ್ಕೆ ಮತ್ತೊಂದು:
ಸ್ನೇಹಿತನ ಮನೆಗೊಯ್ದ ಬುತ್ತಿಯಲಿ ಪಿಸ್ತೂಲು

ಸಮಸ್ಯೆ ಕೊಟ್ಟವರು

ಭೇಷ್! ಅವರೇ. ಪೇ-8 ಬಾಂಬರ್ ವಿಮಾನದಲ್ಲಿ ಜರ್ಮನ್ನರ ಹಿಡಿತದಲ್ಲಿದ್ದ ನೆಲದ ಮೇಲೆ ಹಾರಿ ಸ್ಕಾಟ್ಲೆಂಡಿನಲ್ಲಿ ಇಳಿದರು. ಮೇ 26ರಂದು ಲಂಡನ್ನಿನಲ್ಲಿ ಬ್ರಿಟನ್ನಿನ ಜೊತೆ 20 ವರ್ಷಗಳ ಮೈತ್ರಿ ಒಪ್ಪಂದಕ್ಕೆ ಸಹಿ ಆಯಿತು. ಅಲ್ಲಿಂದ ಐಸ್‌ಲ್ಯಾಂಡ್ ದಾರಿಯಾಗಿ ವಾಷಿಂಗ್ಟನ್. ಶ್ವೇತಭವನದಲ್ಲಿ ಅವರ ಪೆಟ್ಟಿಗೆ ಬಿಚ್ಚಿದ ಸೇವಕನಿಗೆ ಕಂಡದ್ದು ಕಪ್ಪು ರೊಟ್ಟಿ, ಸಾಸೇಜು, ಜೊತೆಗೊಂದು ಪಿಸ್ತೂಲು! ಅಮೆರಿಕದ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಇದನ್ನು ಬರೆದಿಟ್ಟಿದ್ದಾರೆ. ‘ಧೈರ್ಯಕ್ಕೆ ಮತ್ತೊಂದು’ ಎಂದು ಗುಟ್ಟನ್ನು ಸಾಲಿನ ತುದಿಯವರೆಗೂ ಹಿಡಿದಿಟ್ಟಿರಿ ನೋಡಿ, ಪೂರಣದ ಜೀವ ಅಲ್ಲೇ ಇದೆ.

ಎರಡನೆಯ ಪೂರಣ

ಅವರು ಹೋದ ಕೆಲಸವೇ ಪದ್ಯದಲ್ಲಿ ಬರಲಿಲ್ಲವಲ್ಲ ಅನ್ನಿಸಿತು. ಅದಕ್ಕೆ:

ಆಹುತಿಗಳಾಗುತಿರೆ ಊರೂರ ಮಕ್ಕಳು
ದಾಹದಲಿ ಕೇಳಿದನು ಎರಡನೆಯ ರಣರಂಗ
ಊಹಿಸಿರಿ, ನಂಬಿಕೆಯ ಕೈಕುಲುಕಿದಾಗಲೂ
ಸ್ನೇಹಿತನ ಮನೆಗೊಯ್ದ ಬುತ್ತಿಯಲಿ ಪಿಸ್ತೂಲು

ಪಶ್ಚಿಮದಲ್ಲೂ ಯುದ್ಧ ಶುರುವಾದರೆ ಹಿಟ್ಲರ್ ಸೇನೆ ಹಂಚಿಹೋಗುತ್ತದೆ, ಸೋವಿಯತ್ ಸೈನಿಕರಿಗೆ ಉಸಿರಾಡಲು ಆಗುತ್ತದೆ. ಅವರು ಬೇಡಿದ್ದು ಅದನ್ನೇ.

ಒಂದು ಆಕ್ಷೇಪ

ಪದ್ಯ ಚೆನ್ನಾಗಿದೆ ಅಕ್ಕಾ. ಆದರೆ ಪಿಸ್ತೂಲು ಅಪನಂಬಿಕೆಗೇ ಇರಬೇಕೇ? ವಿಮಾನ ಶತ್ರುವಿನ ನೆಲದಲ್ಲಿ ಬಿದ್ದಿದ್ದರೆ?

ಸಮಸ್ಯೆ ಕೊಟ್ಟವರು

ಮೊದಲ ಪೂರಣಕ್ಕೆ ಆ ಅರ್ಥ ಸರಿಹೊಂದುತ್ತದೆ. ಆದರೆ ಇಂಗ್ಲೆಂಡಿನಲ್ಲಿ, ಪ್ರಧಾನಿಯ ಚೆಕರ್ಸ್ ಬಂಗಲೆಯಲ್ಲಿ ಏನಾಯಿತು ನೋಡಿ. ಅತಿಥಿಗಳು ಬಂದ ಕೂಡಲೇ ಕೋಣೆಗಳ ಬೀಗದ ಕೈ ಕೇಳಿದರು, ಬಾಗಿಲು ಹಾಕಿಕೊಂಡೇ ಇದ್ದರು. ಹಾಸಿಗೆ ಸರಿಮಾಡಲು ಹೋದವರಿಗೆ ದಿಂಬಿನಡಿ ಪಿಸ್ತೂಲು ಸಿಕ್ಕಿತು ಎಂದು ಚರ್ಚಿಲ್ ಬರೆದಿದ್ದಾರೆ. ಅಲ್ಲಿ ಯಾವ ಜರ್ಮನ್ನರಿದ್ದರು? 1939ರಲ್ಲಿ ಜರ್ಮನಿಯ ಜೊತೆ ಪರಸ್ಪರ ದಾಳಿ ಮಾಡದಿರುವ ಒಪ್ಪಂದಕ್ಕೆ ಸಹಿ ಹಾಕಿದ್ದು ಇದೇ ಮೊಲಟೋವ್. 1941ರ ಜೂನ್‌ನಲ್ಲಿ ಅದೇ ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ಬಿತ್ತು. ಅಷ್ಟಾದ ಮೇಲೆ ಹೊಸ ಸ್ನೇಹಿತನನ್ನು ಪೂರ್ತಿ ನಂಬುವುದು ಕಷ್ಟವೇ. ನನ್ನ ಒಲವು ಎರಡನೆಯ ಪೂರಣಕ್ಕೆ.

1942ರಲ್ಲೇ ಎರಡನೆಯ ರಣರಂಗ ತೆರೆಯುವ ಮಾತು ಆ ವರ್ಷದ ಜೂನ್‌ನಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಹೊರಡಿಸಿದ ಜಂಟಿ ಹೇಳಿಕೆಯಲ್ಲಿ ಬಂತು. ನಾರ್ಮಂಡಿಯಲ್ಲಿ ಸೇನೆ ಇಳಿದದ್ದು ಮಾತ್ರ 1944ರ ಜೂನ್ 6ಕ್ಕೆ. ನಡುವಿನ ಆ ಎರಡು ವರ್ಷ ಕಾದವರ ಪಾಡು ಇನ್ನೂ ಯಾವ ಪೂರಣದಲ್ಲೂ ಬಂದಿಲ್ಲ. ಯಾರಾದರೂ ಬರೆಯಿರಿ. ಪ್ರಾಸ ಅದೇ ‘ಹ’.