ಹಗಲಿನ ಮಂಪರಿಗೆ ಮಾತ್ರೆ ಬಿಡುವುದೇ ಪರಿಹಾರವೇ?

ದೊಡ್ಡಪ್ಪ (ಫಾರ್ವರ್ಡ್ ಆದ ಸಂದೇಶ): ಖಿನ್ನತೆಗೆ ಎರಡು ಬಗೆಯ ಮಾತ್ರೆಗಳನ್ನು ಒಟ್ಟಿಗೆ ತೆಗೆದುಕೊಳ್ಳುವವರು ಹಗಲಿಡೀ ಮಂಪರಿನಲ್ಲಿರುತ್ತಾರೆ. ಅಂಥವರು ಇಂದೇ ಒಂದನ್ನು ನಿಲ್ಲಿಸಬೇಕು. ನಿಮ್ಮವರಿಗೆಲ್ಲ ತಪ್ಪದೆ ಕಳುಹಿಸಿ.

ದೊಡ್ಡಪ್ಪ: ಇದನ್ನು ನಿನಗಾಗಿಯೇ ಹಾಕಿದ್ದೇನೆ, ಮಗಳೇ. ಮೊನ್ನೆ ನನ್ನೆದುರು ಕುಳಿತು ಮಾತನಾಡುತ್ತಿದ್ದವಳು ಅರ್ಧ ಮಾತಿನಲ್ಲೇ ತೂಕಡಿಸಿದೆ. ಅದನ್ನು ಕಂಡ ಮೇಲೂ ನಾನು ಸುಮ್ಮನಿರಲಾರೆ.

ನಾನು: ದೊಡ್ಡಪ್ಪ, ನೀವು ಕಂಡದ್ದು ನಿಜ, ನಿಮ್ಮ ಆತಂಕವೂ ಸರಿಯಾದದ್ದೇ. ಆದರೆ ‘ಇಂದೇ ನಿಲ್ಲಿಸಬೇಕು’ ಎಂಬ ಮಾತು ಅಪಾಯಕಾರಿ. ಹಿಂದೊಮ್ಮೆ ವೆನ್ಲಾಫ್ಯಾಕ್ಸಿನ್ ಎಂಬ ಖಿನ್ನತೆಯ ಮಾತ್ರೆಯನ್ನು ನಾನು ಯಾರಿಗೂ ಹೇಳದೆ ಒಮ್ಮೆಲೇ ಬಿಟ್ಟಿದ್ದೆ. ಎರಡು ದಿನ ಕಳೆಯುವಷ್ಟರಲ್ಲಿ ಕತ್ತು ತಿರುಗಿಸಿದಾಗಲೆಲ್ಲ ತಲೆಯೊಳಗೆ ಕರೆಂಟು ಹೊಡೆದಂತಾಗುತ್ತಿತ್ತು. ವಾಕರಿಕೆ, ತಲೆಸುತ್ತು, ಕಾರಣವಿಲ್ಲದ ಅಳು ಎಲ್ಲವೂ ಒಟ್ಟಿಗೆ ಬಂದವು. ಇಂಥ ಮಾತ್ರೆಗಳನ್ನು ವೈದ್ಯರು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸಮಯ ಕೊಟ್ಟು ಹಂತಹಂತವಾಗಿ ಇಳಿಸುವುದು ಇದಕ್ಕಾಗಿಯೇ.

ಅಣ್ಣ: ಪೂರ್ತಿ ಬಿಡುವುದು ಬೇಡವೆಂದರೆ ರಾತ್ರಿಯ ಮಾತ್ರೆಯನ್ನು ಅರ್ಧ ಮಾಡಿ ತೆಗೆದುಕೋ. ಹಗಲಿಗೆ ಎರಡು ಲೋಟ ಕಾಫಿ ಹೆಚ್ಚಿಗೆ ಕುಡಿ.

ನಾನು: ಅಣ್ಣ, ಎರಡೂ ನೀನು ಎಣಿಸಿದಷ್ಟು ಸುಲಭವಲ್ಲ. ಖಿನ್ನತೆಗೆ ನಾನು ಬೆಳಿಗ್ಗೆ ಎಸಿಟಾಲೋಪ್ರಾಮ್, ರಾತ್ರಿ ಮಿರ್ಟಾಜಪಿನ್ ತೆಗೆದುಕೊಳ್ಳುತ್ತೇನೆ. ಮಿರ್ಟಾಜಪಿನ್ ಮೆದುಳಿನಲ್ಲಿ ನಮ್ಮನ್ನು ಎಚ್ಚರವಾಗಿಡುವ ಹಿಸ್ಟಮಿನ್‌ನ ಕೆಲಸವನ್ನು ತಡೆಯುತ್ತದೆ, ನಿದ್ದೆ ಬರುವುದು ಅದರಿಂದ. ಕಡಿಮೆ ಪ್ರಮಾಣದಲ್ಲೂ ಆ ಗುಣವೇ ಮುಂದಿರುವುದರಿಂದ ಮಾತ್ರೆಯನ್ನು ಅರ್ಧ ಮಾಡಿದರೆ ಮಂಪರು ಅರ್ಧವಾಗುತ್ತದೆ ಎನ್ನುವಂತಿಲ್ಲ, ಆದರೆ ಖಿನ್ನತೆಗೆ ಸಿಗುತ್ತಿದ್ದ ಆಸರೆ ಮಾತ್ರ ಕುಗ್ಗಬಹುದು. ಅದರ ಅರ್ಧದಷ್ಟು ದೇಹದಿಂದ ಹೊರಹೋಗಲು 20ರಿಂದ 40 ಗಂಟೆ ಬೇಕು. ರಾತ್ರಿ ಹನ್ನೊಂದಕ್ಕೆ ನುಂಗಿದ್ದರಲ್ಲಿ ಹೆಚ್ಚಿನ ಪಾಲು ಮರುದಿನ ಬೆಳಿಗ್ಗೆಯೂ ರಕ್ತದಲ್ಲೇ ಇರುತ್ತದೆ. ಇನ್ನು ಮಧ್ಯಾಹ್ನದ ಮೇಲೆ ಕಾಫಿ ಕುಡಿದರೆ ರಾತ್ರಿಯ ನಿದ್ದೆ ಕೆಟ್ಟು, ಮಾರನೆಯ ಹಗಲು ಮತ್ತಷ್ಟು ಭಾರವಾಗುತ್ತದೆ. ಅದನ್ನೂ ನಾನು ಮಾಡಿ ನೋಡಿದ್ದೇನೆ.

ಚಿಕ್ಕಮ್ಮ: ನಿಮ್ಮ ಚಿಕ್ಕಪ್ಪನಿಗೆ ಆದದ್ದನ್ನು ಹೇಳುತ್ತೇನೆ. ತಲೆನೋವಿಗೆಂದು ಒಬ್ಬ ವೈದ್ಯರು ಅಮಿಟ್ರಿಪ್ಟಿಲಿನ್ ಬರೆದಿದ್ದರು. ಆಮೇಲೆ ಮನೋವೈದ್ಯರು ಫ್ಲೂಯಾಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ ಕೊಟ್ಟರು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಹಳೆಯ ಮಾತ್ರೆಯ ಪ್ರಮಾಣವನ್ನು ಯಾರೂ ಹೆಚ್ಚಿಸಿರಲಿಲ್ಲ, ಆದರೂ ಅವರು ಮಧ್ಯಾಹ್ನದವರೆಗೆ ಏಳಲಾಗದ ಸ್ಥಿತಿಗೆ ಬಂದರು, ಬಾಯಿ ಒಣಗುತ್ತಿತ್ತು. ಅಮಿಟ್ರಿಪ್ಟಿಲಿನ್ ಅನ್ನು ಕರಗಿಸಿ ಹೊರಹಾಕುವ ಯಕೃತ್ತಿನ ಕಿಣ್ವವನ್ನು ಫ್ಲೂಯಾಕ್ಸೆಟಿನ್ ತಡೆಯುತ್ತದೆಂದೂ, ಹಾಗಾಗಿ ಹಳೆಯ ಮಾತ್ರೆಯೇ ರಕ್ತದಲ್ಲಿ ಏರುತ್ತಾ ಹೋಗಿದೆಯೆಂದೂ ಎರಡೂ ಚೀಟಿಗಳನ್ನು ಒಟ್ಟಿಗೆ ನೋಡಿದ ಮೇಲೆ ಮನೋವೈದ್ಯರು ವಿವರಿಸಿದರು.

ದೊಡ್ಡಪ್ಪ: ಹಾಗಿದ್ದರೆ ಸಂದೇಶ ಹೇಳುವುದೂ ಅದನ್ನೇ ಅಲ್ಲವೇ? ಎರಡು ಸೇರಿದ್ದರಿಂದಲೇ ತೊಂದರೆಯಾಯಿತು.

ಚಿಕ್ಕಮ್ಮ: ಅರ್ಧ ಮಾತ್ರ ಅದನ್ನೇ ಹೇಳುತ್ತದೆ ಭಾವ. ಯಾವುದನ್ನು, ಎಷ್ಟು ನಿಧಾನವಾಗಿ ಇಳಿಸಬೇಕು ಎಂದು ನಿರ್ಧರಿಸಿದ್ದು ವೈದ್ಯರು. ಈ ಸಂದೇಶವನ್ನು ನಂಬಿದ್ದರೆ ನಮ್ಮವರು ಯಾವ ಮಾತ್ರೆಯನ್ನು ಬಿಡುತ್ತಿದ್ದರೋ ಯಾರು ಬಲ್ಲರು?

ನಾನು: ನಿಮಗೆ ಹೇಳದೆ ಇದ್ದ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಹದಿನೈದು ದಿನಗಳ ಹಿಂದೆ ಸಿಗ್ನಲ್‌ನಲ್ಲಿ ಸ್ಕೂಟರ್ ನಿಲ್ಲಿಸಿ ಕೆಂಪು ದೀಪವನ್ನೇ ನೋಡುತ್ತಿದ್ದೆ. ಹಿಂದಿನಿಂದ ಹಾರ್ನ್ ಕೇಳಿ ಬೆಚ್ಚಿಬಿದ್ದಾಗ ದೀಪ ಹಸಿರಾಗಿತ್ತು, ನನ್ನ ಗಲ್ಲ ಎದೆಗೆ ತಾಗಿತ್ತು. ಅಂದೇ ಸ್ಕೂಟರ್ ಓಡಿಸುವುದನ್ನು ನಿಲ್ಲಿಸಿದೆ. ಮಾತ್ರೆ ನುಂಗಿದ ಹೊತ್ತು, ಮಲಗಿದ ಹೊತ್ತು, ಕಣ್ಣು ಎಳೆದ ಹೊತ್ತು ಇವನ್ನೆಲ್ಲ ಒಂದು ವಾರ ಪುಸ್ತಕದಲ್ಲಿ ಬರೆದು ವೈದ್ಯರಿಗೆ ತೋರಿಸಿದೆ. ಅವರ ಬೆರಳು ಮೊದಲು ನಿಂತದ್ದು ನೆಗಡಿಗೆಂದು ನಾನಾಗಿಯೇ ತೆಗೆದುಕೊಳ್ಳುತ್ತಿದ್ದ ಸೆಟ್ರಿಜಿನ್ ಮೇಲೆ. ಅದೂ ಹಿಸ್ಟಮಿನ್ ತಡೆಯುವ ಮಾತ್ರೆಯೇ ಆದ್ದರಿಂದ ಮಂಪರು ಎರಡು ಕಡೆಯಿಂದ ಬರುತ್ತಿತ್ತು. ಸೆಟ್ರಿಜಿನ್ ನಿಂತಿತು. ಮಿರ್ಟಾಜಪಿನ್ ತೆಗೆದುಕೊಳ್ಳುವ ಹೊತ್ತನ್ನು ಹನ್ನೊಂದರಿಂದ ಎಂಟೂವರೆಗೆ ತಂದರು. ಥೈರಾಯ್ಡ್, ಹಿಮೋಗ್ಲೋಬಿನ್ ಮತ್ತು ಸೋಡಿಯಂ ಪರೀಕ್ಷೆಗೂ ಬರೆದಿದ್ದಾರೆ, ಏಕೆಂದರೆ ಆಯಾಸಕ್ಕೆ ಅವೂ ಕಾರಣವಾಗಬಹುದು. ಈಗ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ತಲೆ ತಿಳಿಯಾಗುತ್ತದೆ, ಮೂರು ಗಂಟೆಯ ಜೊಂಪು ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ.

ಅಣ್ಣ: ಸಿಗ್ನಲ್‌ನ ವಿಷಯವನ್ನು ನನಗಾದರೂ ಅಂದೇ ಹೇಳಬೇಕಿತ್ತು. ನಾಳೆಯಿಂದ ನಾನೇ ಕರೆದುಕೊಂಡು ಹೋಗಿ ಬಿಡುತ್ತೇನೆ.

ದೊಡ್ಡಪ್ಪ: ಸಂದೇಶವನ್ನು ಎಲ್ಲರಿಗೂ ಕಾಣದಂತೆ ಅಳಿಸಿದ್ದೇನೆ. ಆದರೆ ಎರಡು ಮಾತ್ರೆಗಳು ಏಕೆ ಬೇಕು, ಎಷ್ಟು ದಿನ ಬೇಕು ಎಂಬ ನನ್ನ ಪ್ರಶ್ನೆಯನ್ನು ನಾನು ಬಿಟ್ಟಿಲ್ಲ.

ನಾನು: ಬಿಡಬೇಡಿ, ಅದನ್ನು ನಾನೂ ಕೇಳಬೇಕೆಂದಿದ್ದೇನೆ. ಮುಂದಿನ ಗುರುವಾರ ಹತ್ತು ಗಂಟೆಗೆ ವೈದ್ಯರನ್ನು ಕಾಣಬೇಕು. ನೀವೂ ಜೊತೆಗೆ ಬನ್ನಿ, ದೊಡ್ಡಪ್ಪ. ಬರೆದ ಪುಸ್ತಕವನ್ನು ನಾನು ತರುತ್ತೇನೆ.