14 ಬಸ್ ಮಾದರಿ: 13 ಮೀಟರ್‌ಗಳನ್ನು ಭದ್ರಪಡಿಸಿದರೂ ಸುಳ್ಳು ಮಾಪನ ಪತ್ತೆಯಾಗುತ್ತಿಲ್ಲ

ಪ್ರಶ್ನೆ:
ವಿದ್ಯುತ್ ಜಾಲದ ಸ್ಟೇಟ್ ಎಸ್ಟಿಮೇಶನ್ (ಮೀಟರ್‌ಗಳ ಮಾಪನಗಳಿಂದ ಜಾಲದ ಸ್ಥಿತಿಯನ್ನು ಅಂದಾಜಿಸುವ ಲೆಕ್ಕ) ಮೇಲಿನ ಸುಳ್ಳು ದತ್ತಾಂಶದ ದಾಳಿಯನ್ನು ಎಂ.ಟೆಕ್. ಪ್ರಾಜೆಕ್ಟ್‌ಗಾಗಿ ಐಇಇಇ 14 ಬಸ್ ಮಾದರಿಯಲ್ಲಿ (ಲೈನ್‌ಗಳು ಕೂಡುವ 14 ಬಿಂದುಗಳ, ಅಂದರೆ ಬಸ್‌ಗಳ, ಪರೀಕ್ಷಾ ಜಾಲ), ಡಿಸಿ ಸಮೀಕರಣಗಳನ್ನು (ಹರಿವನ್ನು ಕೋನಗಳ ವ್ಯತ್ಯಾಸದಿಂದಷ್ಟೇ ಲೆಕ್ಕಿಸುವ ಸರಳ ರೂಪ) ಬಳಸಿ ಪರೀಕ್ಷಿಸುತ್ತಿದ್ದೇನೆ. 20 ಲೈನ್‌ಗಳ ಎರಡೂ ತುದಿಯ ಪವರ್ ಫ್ಲೋ ಹಾಗೂ 14 ಬಸ್‌ಗಳ ಇಂಜೆಕ್ಷನ್ (ಆ ಬಸ್‌ನಿಂದ ಜಾಲಕ್ಕೆ ಸೇರುವ ನಿವ್ವಳ ಪವರ್) ಸೇರಿ ಒಟ್ಟು 54 ಮಾಪನಗಳಿವೆ. ಒಂದೇ ಮೀಟರಿನ ಅಂಕಿಯನ್ನು ತಿದ್ದಿದರೆ ಶೇಷವನ್ನು (ಮಾಪನಕ್ಕೂ ಅಂದಾಜಿಗೂ ಇರುವ ವ್ಯತ್ಯಾಸ) ನೋಡುವ ಕೈ-ಸ್ಕ್ವೇರ್ ಪರೀಕ್ಷೆ ಕೂಡಲೇ ಹಿಡಿಯುತ್ತದೆ. ಒಂದು ಬಸ್ಸನ್ನು ಆಧಾರವಾಗಿಟ್ಟರೆ ಕಂಡುಹಿಡಿಯಬೇಕಾದ ವೋಲ್ಟೇಜ್ ಕೋನಗಳು 13 ಆದ್ದರಿಂದ, ಅತಿ ಹೆಚ್ಚು ಪವರ್ ಹರಿಯುವ 13 ಲೈನ್‌ಗಳ ಮೀಟರ್‌ಗಳನ್ನು ಯಾರೂ ತಿದ್ದಲಾಗದಂತೆ ಭದ್ರಪಡಿಸಿದ್ದೇನೆ. ಆದರೂ ಬಸ್ 8ರ ಕೋನವನ್ನು 0.01 ರೇಡಿಯನ್‌ನಷ್ಟು ಸರಿಸುವ ದಾಳಿಯಲ್ಲಿ ಶೇಷ ಎಳ್ಳಷ್ಟೂ ಬದಲಾಗುವುದಿಲ್ಲ. ಕೋಡ್‌ನಲ್ಲಿ ಎಲ್ಲಿ ತಪ್ಪಿದೆ, ದಯವಿಟ್ಟು ತಿಳಿಸಿ.

ಉತ್ತರ:
ಕೋಡ್ ಸರಿಯಾಗಿದೆ, ಮೀಟರ್‌ಗಳ ಆಯ್ಕೆಯಲ್ಲಿ ತೊಡಕಿದೆ. ಮಾಪನಗಳಿಗೆ ಸೇರಿಸಿದ ಸುಳ್ಳು ಅಂಕಿಗಳು ಎಚ್ ಮ್ಯಾಟ್ರಿಕ್ಸ್‌ನ (ಕೋನಗಳಿಂದ ಮಾಪನಗಳನ್ನು ಲೆಕ್ಕಿಸುವ ಕೋಷ್ಟಕ) ಕಾಲಮ್‌ಗಳ ಸಂಯೋಜನೆಯೇ ಆಗಿದ್ದರೆ ಶೇಷ ಬದಲಾಗದೆಂದು ಲಿಯು, ನಿಂಗ್ ಮತ್ತು ರೈಟರ್ 2009ರಲ್ಲೇ ತೋರಿಸಿದ್ದಾರೆ. ಬಸ್ 8 ಕೇವಲ ಬಸ್ 7ಕ್ಕೆ ಅಂಟಿಕೊಂಡಿರುವುದರಿಂದ ದಾಳಿಕೋರನು ತಿದ್ದಬೇಕಾದುದು ನಾಲ್ಕೇ ಮಾಪನಗಳನ್ನು: 7-8 ಲೈನಿನ ಎರಡು ತುದಿಗಳು ಮತ್ತು ಆ ಎರಡು ಬಸ್‌ಗಳ ಇಂಜೆಕ್ಷನ್. ಆ ಲೈನಿನ ರಿಯಾಕ್ಟನ್ಸ್ (ಎಸಿ ಹರಿವಿಗೆ ಲೈನ್ ಒಡ್ಡುವ ತಡೆ) 0.17615 ಆಗಿರುವುದರಿಂದ, 100 ಎಂವಿಎ ಆಧಾರದಲ್ಲಿ ನಿಮ್ಮ 0.01 ರೇಡಿಯನ್ ಸುಮಾರು 5.7 ಮೆಗಾವ್ಯಾಟ್‌ನ ಸುಳ್ಳು ಹರಿವಾಗುತ್ತದೆ. ಬಸ್ 8ರಲ್ಲಿರುವುದು ಸಿಂಕ್ರೊನಸ್ ಕಂಡೆನ್ಸರ್ (ರಿಯಾಕ್ಟಿವ್ ಪವರ್‌ಗಾಗಿ ಮಾತ್ರ ಇರುವ ಯಂತ್ರ); ಅಲ್ಲಿಂದ ಆಕ್ಟಿವ್ ಪವರ್ ಹರಿಯುವುದೇ ಇಲ್ಲ. ಹರಿವಿನ ಗಾತ್ರವನ್ನು ನೋಡಿ ಆರಿಸಿದ್ದರಿಂದಲೇ ಆ ಲೈನ್ ನಿಮ್ಮ ಪಟ್ಟಿಯಿಂದ ಹೊರಗುಳಿದಿದೆ.

ಎಚ್‌ನಲ್ಲಿ ಭದ್ರ ಮೀಟರ್‌ಗಳಿಗೆ ಸೇರಿದ ಸಾಲುಗಳ ರ‍್ಯಾಂಕ್ (ಒಂದರಿಂದ ಇನ್ನೊಂದು ಸಿಗದ ಸ್ವತಂತ್ರ ಸಾಲುಗಳ ಸಂಖ್ಯೆ) ಲೆಕ್ಕಹಾಕಿ ನೋಡಿ.

ಪ್ರಶ್ನೆ ಕೇಳಿದವರು:
ರ‍್ಯಾಂಕ್ 9 ಬಂದಿದೆ ಸರ್. 13 ಮೀಟರ್‌ಗಳಿದ್ದೂ ಇಷ್ಟು ಕಡಿಮೆ ಏಕೆ?

ಉತ್ತರ:
1-2, 2-5, 1-5 ಲೈನ್‌ಗಳು ಒಂದು ಸುತ್ತನ್ನು ಕಟ್ಟುತ್ತವೆ; ಎರಡರ ಹರಿವು ಗೊತ್ತಿದ್ದರೆ ಮೂರನೆಯದು ತಾನಾಗಿಯೇ ತಿಳಿಯುತ್ತದೆ, ಆದ್ದರಿಂದ ಅಲ್ಲಿನ ಮೂರನೆಯ ಮೀಟರಿನಿಂದ ಹೊಸ ಮಾಹಿತಿ ಸಿಗದು. ನಿಮ್ಮ 13 ಲೈನ್‌ಗಳಲ್ಲಿ ನಾಲ್ಕು ಹೀಗೆ ಸುತ್ತುಗಳಲ್ಲಿ ವ್ಯರ್ಥವಾಗಿವೆ, ಮತ್ತು 8, 10, 11, 12ನೇ ಬಸ್‌ಗಳನ್ನು ಯಾವ ಮೀಟರೂ ತಲುಪುತ್ತಿಲ್ಲ. ಭದ್ರ ಲೈನ್‌ಗಳು ಸುತ್ತಿಲ್ಲದೆ, 14 ಬಸ್‌ಗಳನ್ನೂ ಮುಟ್ಟುವ ಒಂದು ಮರವಾಗಬೇಕು. 2-4, 2-5, 3-4, 4-9 ಇವುಗಳನ್ನು ಬಿಟ್ಟು 7-8, 6-11, 6-12, 9-10 ಸೇರಿಸಿ ನೋಡಿ.

ನನಗೆ ಬಹಳ ಮುಖ್ಯವೆನಿಸುವ ಇನ್ನೊಂದು ವಿಷಯವಿದೆ. ಬಸ್ 7ರಲ್ಲಿ ಲೋಡ್ ಇಲ್ಲ, ಜನರೇಟರೂ ಇಲ್ಲ. ಅಲ್ಲಿನ ಇಂಜೆಕ್ಷನ್ ಸೊನ್ನೆ ಎಂಬುದು ಜಾಲದ ರಚನೆಯಿಂದಲೇ ತಿಳಿದ ಸತ್ಯ, ಅದನ್ನು ಮೀಟರಿನಿಂದ ಓದಬೇಕಾಗಿಲ್ಲ. ಅದನ್ನು ನಿರ್ಬಂಧವಾಗಿ ಸಮೀಕರಣಕ್ಕೆ ಸೇರಿಸಿದರೆ 4-7, 7-9ರ ಹರಿವಿನಿಂದಲೇ 7-8ರದು ತಿಳಿಯುವುದರಿಂದ 7-8ಕ್ಕೆ ಭದ್ರ ಮೀಟರಿನ ವೆಚ್ಚವೂ ಉಳಿಯುತ್ತದೆ.

ಪ್ರಶ್ನೆ ಕೇಳಿದವರು:
ನೀವು ಹೇಳಿದಂತೆ ಬದಲಿಸಿದ ಮೇಲೆ ರ‍್ಯಾಂಕ್ 13 ಬಂತು. ಬಸ್ 8ರ ದಾಳಿಯಲ್ಲಿ ಈಗ 7-8ರ ಭದ್ರ ಮೀಟರ್ ಹಳೆಯ ಅಂಕಿಯನ್ನೇ ತೋರಿಸುವುದರಿಂದ ಶೇಷ ಏರುತ್ತಿದೆ. ಬಹಳ ಧನ್ಯವಾದಗಳು ಸರ್.

ಉತ್ತರ:
ಸಂತೋಷ. ಎಚ್ ಮ್ಯಾಟ್ರಿಕ್ಸ್ ಸರಿಯಿದೆ ಎಂದು ನಾವು ನಂಬಿಕೊಂಡಿದ್ದೇವೆ ಎಂಬುದನ್ನು ವರದಿಯಲ್ಲಿ ತಪ್ಪದೆ ಬರೆಯಿರಿ. ಯಾವ ಲೈನ್ ಚಾಲ್ತಿಯಲ್ಲಿದೆ, ಯಾವುದು ಬಿಚ್ಚಿಕೊಂಡಿದೆ ಎಂಬ ಬ್ರೇಕರ್ ಮಾಹಿತಿಯೇ ಸುಳ್ಳಾದರೆ ಈ ಮರದ ಲೆಕ್ಕ ನಿಲ್ಲುವುದಿಲ್ಲ. ಮುಂದಿನ ಪ್ರಯೋಗದಲ್ಲಿ ಒಂದು ಲೈನಿನ ಸ್ಥಿತಿಯನ್ನು ತಪ್ಪಾಗಿ ಕೊಟ್ಟು ಶೇಷ ಹೇಗೆ ವರ್ತಿಸುತ್ತದೆಂದು ಗಮನಿಸಿ.